ಭೂತಕ್ಕೂ ಹಿಂದಿನ ಭೂತ

ಒಂಟಿಕೊಪ್ಪಲಿನ ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಕೆಳಗೆ ರಾಗಿ ಬೀಸುವ ಸದ್ದು ನಿಂತ ಮೇಲೆಯೇ, ಏಳಕ್ಕೆ,
ಹೆಫ್ಸಿಬಾ ಮೇಡಂ ಸೀಮೆಸುಣ್ಣ ಹಿಡಿಯುತ್ತಾರೆ.
ಇವತ್ತಿಂದು ಭೂತಕ್ಕೂ ಹಿಂದಿನ ಭೂತ, ಅಂದರು.
ಹುಡುಗರು ನಕ್ಕರು. ನಾನು ನಗಲಿಲ್ಲ.
ಐವತ್ಮೂರು ವರ್ಷದ ದರ್ಜಿಗೆ ಅದರ ಅಳತೆ ಗೊತ್ತಿರುತ್ತೆ.

ಬಂದದ್ದು ವ್ಯಾಪಾರಕ್ಕೆ.
ಗೋಕುಲಕ್ಕೆ ಯೋಗ ಕಲಿಯೋಕೆ ಬರುವ ಫ್ರಾನ್ಸಿನ ಹೆಂಗಸರಿಗೆ
ಸೊಂಟ ಎಷ್ಟು ಸಡಿಲ, ಜೇಬು ಯಾವ ಕಡೆ,
ಕೈಸನ್ನೆಯಲ್ಲೇ ಕೇಳಿ ಕೇಳಿ
ಎರಡು ಪೈಜಾಮ ಕೆಟ್ಟಿದ್ದವು.

ಕ್ರಿಯಾಪದ ಪಾರ್ಲೆ. ಮಾತಾಡು.
ಬಿಸ್ಕತ್ತಿನ ಹೆಸರು, ಮರೆಯೋಲ್ಲ ಅಂದುಕೊಂಡೆ.
ಜಾವೆ ಪಾರ್ಲೆ, ನಾನು ಮಾತಾಡಿದ್ದೆ.
ತ್ಯೂ ಆವೆ ಪಾರ್ಲೆ, ನೀನು ಮಾತಾಡಿದ್ದೆ.
(ನಮ್ಮಲ್ಲೂ ನಾನು ನೀನು ಇಲ್ಲಿ ಒಂದೇ ಬಟ್ಟೆ ತೊಟ್ಟವರು,
ಇಷ್ಟು ದಿನ ಗಮನಿಸಿರಲಿಲ್ಲ.)
ಇಲಾವೆ ಪಾರ್ಲೆ, ಅವನು ಮಾತಾಡಿದ್ದ.
ಇಲಾವೆ ಇಲಾವೆ, ಎಲ್ಲರೂ ಒಟ್ಟಿಗೆ ಹೇಳುವಾಗ
ನನ್ನ ಕಿವಿಗೆ ಬಿದ್ದದ್ದು: ಇಲ್ಲವೇ? ಇಲ್ಲವೇ?

ಅವರೆಲ್ಲ ಮಾತಾಡಿದ್ದರು ಅಂತ ಬರೆಯೋಕೆ
ಆವೆಯ ಬಾಲಕ್ಕೆ ಇನ್ನೂ ಮೂರು ಅಕ್ಷರ, ಒಂದಕ್ಕೂ ಸದ್ದಿಲ್ಲ.
ಯಾಕೆ ಮೇಡಂ ದಂಡ? ಹಿಂದಿನ ಬೆಂಚು ಕೇಳಿತು.
ನನಗೆ ಗೊತ್ತು ಯಾಕೆ. ರವಿಕೆ ಹೊಲಿಯುವಾಗ
ಕಂಕುಳ ಕೆಳಗೆ ಒಂದಿಂಚು ಒಳಗೇ ಮಡಿಸಿ ಬಿಡುತ್ತೇವೆ.
ಹೊರಗೆ ಕಾಣದು. ಮುಂದೆಂದೋ ಬಿಚ್ಚೋಕೆ ಬೇಕಾಗುತ್ತೆ.

ಆಮೇಲಿನದು ಮಾತ್ರ ಒಳಗೆ ಇಳಿಯಲಿಲ್ಲ.
ಅವರಲ್ಲಿ ಆಡಿದ ಮಾತು ಇಟ್ಟುಕೊಳ್ಳೋ ವಸ್ತು.
ನನ್ನ ಹತ್ರ ಇತ್ತು, ಆಡಿದ್ದು: ಹಾಗೆ ಕಟ್ಟುತ್ತಾರೆ.
ನಮ್ಮಲ್ಲಿ ಮಾತಾಡಿ, ಇದ್ದೆ. ಅಷ್ಟೇ.
ಮಾತು ಹೋಯಿತು. ಆಡಿದವಳು ಅಲ್ಲೇ ಇದ್ದಳು,
ಕತ್ತರಿ ಹಿಡಿದುಕೊಂಡು.

ಈ ಕಾಲ ಒಂಟಿಯಾಗಿ ನಿಲ್ಲೋದಿಲ್ಲ, ನೆನಪಿಡಿ.
ಅದರ ಪಕ್ಕ ಇನ್ನೊಂದು ಏನಾದರೂ ಆಗಿರಲೇಬೇಕು,
ಬಸ್ಸು ಬಂತು, ಅಂಗಡಿ ಮುಚ್ಚಿತು, ಯಾರೋ ಹೋದರು,
ಅಷ್ಟರೊಳಗೆ ನೀವು ಏನು ಮಾಡಿದ್ದಿರಿ?
ಮನೆಯಿಂದ ಒಂದು ವಾಕ್ಯ ಬರಕೊಂಡು ಬನ್ನಿ.

ಖುರ್ಷಿದ್, ನಾನು, ಹನ್ನೊಂದು ವರ್ಷ ಒಂದೇ ಅಂಗಡಿ.
ಕತ್ತರಿ ನನ್ನದು, ಮೆಷಿನ್ನು ಅವಳದು,
ಕಾಜಾ ಗುಂಡಿ ಯಾರಿಗೆ ಬಿಡುವೋ ಅವರಿಗೆ.
ಒಂದು ದಸರಾ ರಶ್ಶಿನಲ್ಲಿ ನಾಲ್ಕು ಸಾವಿರದ ಲೆಕ್ಕ ತಪ್ಪಿತು.
ನಾನು ಕೇಳಿದೆ. ಕೇಳಿದ ರೀತಿ ಸರಿಯಿರಲಿಲ್ಲ.
ತಿಂಗಳು ಕಳೆದ ಮೇಲೆ ಒಂದು ಸಂಜೆ
ಸೀರೆ ಫಾಲಿನ ಗಂಟು ಬಿಚ್ಚಿದರೆ ಆ ನೋಟುಗಳು.
ನನ್ನದೇ ಗಂಟು, ನಾನೇ ಕಟ್ಟಿದ್ದೆ.
ಹೇಳೋಕೆ ಒಂದು ರಾತ್ರಿ ಪೂರ್ತಿ ಇತ್ತು.
ಬೆಳಿಗ್ಗೆ ಅವಳು ಮೆಷಿನ್ನನ್ನು ಗೂಡ್ಸ್ ಆಟೋಗೆ ಏರಿಸಿದಳು,
ಮಂಡ್ಯಕ್ಕೆ, ಗುತ್ತಲು ರಸ್ತೆಯ ಅಕ್ಕನ ಮನೆಗೆ.
ಹಗ್ಗ ಬಿಗಿಯಲು ಕೈ ಕೊಟ್ಟೆ. ಕೈ ಮಾತ್ರ.

ಬರೆದೆ: ಖುರ್ಷಿದ್ ಹೋದಾಗ ನಾನು ಮಾತಾಡಿರಲಿಲ್ಲ.
ಜ ನಾವೆ ಪಾ ಪಾರ್ಲೆ.
ಇಲ್ಲ ಅನ್ನೋಕೆ ಹೋದರೂ ಆ ಭಾಷೆಯಲ್ಲಿ
ನಾವೇ ಅಂತ ಕೇಳಿಸುತ್ತೆ.

ಮೇಡಂ ಓದಿದರು, ಯಾರು ಅಂತ ಕೇಳಲಿಲ್ಲ.
ಒಂದೇ ತಪ್ಪು, ಅಂದರು. ಕೊನೆಯ ಅಕ್ಷರದ ನೆತ್ತಿ ಮೇಲಿನ
ಓರೆ ಗೀಟು ಬಿಟ್ಟಿದ್ದೀರಿ.
ಅದಿಲ್ಲದೆ ಮಾತು ಆಡಿ ಮುಗಿದ ಹಾಗಾಗೋಲ್ಲ.
ಕೆಂಪು ಪೆನ್ನಿನಲ್ಲಿ ತಾವೇ ಎಳೆದರು,
ಬಟ್ಟೆಯಲ್ಲಿ ಚುಚ್ಚಿ ಮರೆತ ಸೂಜಿಯಷ್ಟು.

ಮೆಟ್ಟಿಲಿಳಿಯುತ್ತಾ ಅದರ ಮೇಲೆ ಬೆರಳಾಡಿಸಿದೆ.
ಚುಚ್ಚಲಿಲ್ಲ. ಆದರೂ ತುದಿಗೆ
ಕೆಂಪು ಹತ್ತಿತು.